ಮೂರು ದಿನದ ಸೈಕಲ್ ದಾರಿ, ಅವ್ವ ಕೇಳಿದ ಒಂದು ಮಾತು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನು ಮಾಡಿ, "ನಿಮ್ಮ ಸಾಧನೆ ಬಗ್ಗೆ ಹದಿನೈದು ನಿಮಿಷ ಮಾತಾಡ್ರಿ" ಅಂದರು. ಬೆಂಗಳೂರಿನಿಂದ ಬರುವಾಗ ಬಸ್ಸಿನಲ್ಲಿ ರಾತ್ರಿಯೆಲ್ಲ ಯೋಚನೆ ಮಾಡಿದೆ. ಸಾಧನೆ ಅನ್ನುವಂಥದ್ದು ಒಂದೂ ಸಿಗಲಿಲ್ಲ. ಸಾಫ್ಟ್‌ವೇರ್ ಎಂಜಿನಿಯರ್ ಅಂದರೆ ಬೇರೆಯವರ ತಪ್ಪು ಹುಡುಕಿ ತಿದ್ದುವವನು, ತನ್ನ ತಪ್ಪು ಬೇರೆಯವರಿಗೆ ಸಿಗುವ ತನಕ ಸುಮ್ಮನಿರುವವನು. ಅದನ್ನೇ ಹದಿನೈದು ನಿಮಿಷ ಹೇಳಿದರೆ ನೀವು ಊಟಕ್ಕೆ ಎದ್ದು ಹೋಗುತ್ತೀರಿ. ಆದ್ದರಿಂದ ಇವತ್ತು ಸೈಕಲ್ಲಿನ ವಿಷಯ ಹೇಳುತ್ತೇನೆ. ಎರಡು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ನೆದರ್‌ಲ್ಯಾಂಡ್ಸ್ ದೇಶದಲ್ಲಿ ಒಂಬತ್ತು ದಿನ ಸೈಕಲ್ ಹೊಡೆದೆ. ಅದರಲ್ಲಿ ಮೊದಲ ಮೂರು ದಿನದ ಕಥೆ ಮಾತ್ರ ಹೇಳುತ್ತೇನೆ. ಯಾಕೆ ಮೂರೇ ದಿನ ಅನ್ನುವುದು ಕೊನೆಗೆ ನಿಮಗೇ ಗೊತ್ತಾಗುತ್ತದೆ.

ಅಲ್ಲಿಗೆ ಹೋಗುವ ಮೊದಲು ಇಲ್ಲಿಂದ ಶುರು ಮಾಡಬೇಕು. ನಮ್ಮೂರಿನಿಂದ ಈ ಶಾಲೆಗೆ ಆರು ಕಿಲೋಮೀಟರ್. ಬೆಳಗಿನ ಬಸ್ಸು ಬಂದರೆ ಬಂತು, ಇಲ್ಲವಾದರೆ ಇಲ್ಲ. ನಮ್ಮಪ್ಪ ನೇಕಾರ. ವಾರಕ್ಕೊಮ್ಮೆ ನೇಯ್ದ ಸೀರೆಗಳನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಇಳಕಲ್ಲಿಗೆ ಹೋಗಿ, ಸಾಹುಕಾರರಿಗೆ ಒಪ್ಪಿಸಿ, ನೂಲು ರೇಷ್ಮೆ ತರುತ್ತಿದ್ದ. ಅವತ್ತು ಬಿಟ್ಟು ಉಳಿದ ದಿನ ಸೈಕಲ್ ನನ್ನದು. ಕಾಲು ಪೆಡಲಿಗೆ ನಿಲುಕುತ್ತಿರಲಿಲ್ಲ, ದಂಡಿಗೆಯ ಕೆಳಗೆ ಕಾಲು ತೂರಿಸಿ ಒಳಗಾಲು ಹಾಕಿ ಹೊಡೆಯುತ್ತಿದ್ದೆ. ಅಪ್ಪ ಇಳಕಲ್ಲಿಗೆ ಹೋದ ದಿನ ನಡಿಗೆ. ಆ ದಿನ ಪ್ರಾರ್ಥನೆಗೆ ತಡವಾಗಿ, ಇಗೋ ಆ ಬೇವಿನ ಗಿಡದ ಕೆಳಗೆ ನಿಲ್ಲುತ್ತಿದ್ದೆ. ನಮ್ಮ ಹೆಡ್ ಮಾಸ್ತರರು ಒಂದು ದಿನವೂ ಹೊಡೆಯಲಿಲ್ಲ. "ನಿಮ್ಮಪ್ಪ ಇವತ್ತ ಇಳಕಲ್ಲಿಗೆ ಹೋಗ್ಯಾನೇನು?" ಅಂತ ಕೇಳಿ ಒಳಗೆ ಬಿಡುತ್ತಿದ್ದರು.

ನಾನು ಎಸ್.ಎಸ್.ಎಲ್.ಸಿ. ಮುಗಿಸಿದ ಮೇಲೆ, 2006-07ರಲ್ಲಿ, ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುವ ಯೋಜನೆ ಶುರುವಾಯಿತು. ನನ್ನ ತಂಗಿಗೆ ಸಿಕ್ಕಿತು. ಅದಕ್ಕೆ ಮೊದಲು ನಮ್ಮ ಓಣಿಯ ಹೆಣ್ಣುಮಕ್ಕಳು ಏಳನೇ ಇಯತ್ತೆಗೆ ಶಾಲೆ ಬಿಡುತ್ತಿದ್ದರು. ತಂಗಿ ಬಿಡಲಿಲ್ಲ. ಅವಳ ಜೊತೆ ಇನ್ನೂ ನಾಲ್ವರು ಬಿಡಲಿಲ್ಲ. ಐದು ಸೈಕಲ್ ಒಂದೇ ಸಾಲಿನಲ್ಲಿ ಶಾಲೆಗೆ ಬರುವುದನ್ನು ಊರವರು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ತಂಗಿ ಈಗ ಶಿಕ್ಷಕಿ. ಇವತ್ತು ಇಲ್ಲಿಗೆ ಬಂದಿದ್ದಾಳೆ. ಸಾಧನೆ ಬಗ್ಗೆ ಮಾತಾಡಲು ಅವಳನ್ನು ಕರೆಯಬೇಕಿತ್ತು.

ಒಂಬತ್ತನೇ ತರಗತಿಯಲ್ಲಿ ನಮ್ಮ ಸಮಾಜ ವಿಜ್ಞಾನದ ಸರ್ ಹದಿನಾಲ್ಕು ಹುಡುಗರನ್ನು ಒಂಬತ್ತು ಸೈಕಲ್ ಮೇಲೆ ಬಾದಾಮಿಗೆ ಕರೆದುಕೊಂಡು ಹೋದದ್ದು ನನ್ನ ಗೆಳೆಯರಿಗೆ ನೆನಪಿದೆ. ಹುನಗುಂದ, ಅಮೀನಗಡ, ಐಹೊಳೆ, ಪಟ್ಟದಕಲ್ಲು, ಬಾದಾಮಿ. ಡಬಲ್ ಸೀಟು ಕುಳಿತವರು ಏರು ಬಂದಾಗ ಇಳಿದು ತಳ್ಳಬೇಕು ಅಂತ ಕಾನೂನು. ಐಹೊಳೆಯ ಶಾಲೆಯ ಪಡಸಾಲೆಯಲ್ಲಿ ಮಲಗಿದೆವು. ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿಯ ಮುಂದೆ ನಿಲ್ಲಿಸಿ ಸರ್ ಹೇಳಿದರು: "ಇದನ್ನ ಕಟ್ಟಿಸಿದಾಕಿ ರಾಣಿ ಲೋಕಮಹಾದೇವಿ. ಗಂಡ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ." ಆಮೇಲೆ ಮಲಪ್ರಭೆಯ ಕಡೆ ಕೈ ತೋರಿಸಿ, "ಊರು ಕಟ್ಟಿಸೂದೂ ಈ ನೀರ, ಊರು ಬಿಡಿಸೂದೂ ಈ ನೀರ. ನೆನಪಿಟ್ಕೋರಿ" ಅಂದರು. ಆಗ ನಮ್ಮ ಲಕ್ಷ್ಯವೆಲ್ಲ ಬುತ್ತಿಯ ಗಂಟಿನ ಮೇಲಿತ್ತು. 2009ರಲ್ಲಿ ಮಲಪ್ರಭೆ ಉಕ್ಕಿ ಎಷ್ಟೋ ಹಳ್ಳಿಗೆ ನುಗ್ಗಿತು. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ಬಂತು. ಆಗ ಸರ್ ಮಾತು ನೆನಪಾಯಿತು.

ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಬಿ.ಇ. ಮುಗಿಸಿ ಬೆಂಗಳೂರು ಸೇರಿದೆ. ಕಂಪನಿಯವರು ಒಂದು ವರ್ಷದ ಕೆಲಸಕ್ಕೆ ಆಮ್‌ಸ್ಟರ್‌ಡ್ಯಾಮಿಗೆ ಕಳಿಸಿದರು. ಆ ದೇಶದಲ್ಲಿ ಮನುಷ್ಯರಿಗಿಂತ ಸೈಕಲ್ ಹೆಚ್ಚು. ಕೋಟು ಹಾಕಿದ ಅಧಿಕಾರಿ ಸೈಕಲ್ ಮೇಲೆ, ಎಪ್ಪತ್ತು ವರ್ಷದ ಅಜ್ಜಿ ಸೈಕಲ್ ಮೇಲೆ, ಮುಂದಿನ ಪೆಟ್ಟಿಗೆಯಲ್ಲಿ ಎರಡು ಮಕ್ಕಳನ್ನು ಕೂರಿಸಿಕೊಂಡ ತಾಯಿ ಸೈಕಲ್ ಮೇಲೆ. ನಮ್ಮಲ್ಲಿ ಸೈಕಲ್ ಮೇಲೆ ಹೋದರೆ "ಪಾಪ, ಬೈಕ್ ಇಲ್ಲೇನು" ಅನ್ನುತ್ತಾರೆ. ಅಲ್ಲಿ ಯಾರೂ ಅನ್ನುವುದಿಲ್ಲ.

ಮೊದಲಿನಿಂದಲೂ ಹೀಗೆ ಇರಲಿಲ್ಲ. 1950, 60ರ ದಶಕಗಳಲ್ಲಿ ಅಲ್ಲಿಯೂ ಕಾರುಗಳು ತುಂಬಿದವು. 1971ರ ಒಂದೇ ವರ್ಷದಲ್ಲಿ ನಾನ್ನೂರಕ್ಕೂ ಹೆಚ್ಚು ಮಕ್ಕಳು ರಸ್ತೆ ಅಪಘಾತದಲ್ಲಿ ಸತ್ತರು. ಆಗ ತಂದೆ ತಾಯಿಗಳು ಬೀದಿಗಿಳಿದು, "ಮಕ್ಕಳ ಕೊಲೆ ನಿಲ್ಲಿಸಿ" ಅಂತ ಚಳವಳಿ ಮಾಡಿದರು. ಅಂಥ ಒತ್ತಾಯಗಳಿಂದ ಸೈಕಲ್ಲಿಗೆ ಬೇರೆ ದಾರಿ ಬಂತು. ನಮ್ಮ ಮಕ್ಕಳು ದಿನಾ ಹೆದ್ದಾರಿ ದಾಟಿ ಶಾಲೆಗೆ ಬರುತ್ತಾರೆ. ಈ ಮಾತು ಇಲ್ಲಿರುವ ಹಿರಿಯರ ಕಿವಿಯಲ್ಲಿ ಇರಲಿ.

ನಾನೊಂದು ಹಳೆಯ ಸೈಕಲ್ ಕೊಂಡೆ. ಊರಿಗೆ ಫೋನು ಮಾಡಿ ಪ್ರವಾಸದ ಸುದ್ದಿ ಹೇಳಿದರೆ ಅಪ್ಪ, "ವಿಮಾನದಾಗ ಹೋದಾವ ಸೈಕಲ್ ಹೊಡ್ಯಾಕ ಅಲ್ಲೀತನ ಹೋಗಬೇಕಾಗಿತ್ತೇನು?" ಅಂದ. ಅವ್ವ, "ರೊಟ್ಟಿ ಅದಾವೇನು?" ಅಂತ ಮಾತ್ರ ಕೇಳಿದಳು. ಇದ್ದವು. ಊರಿಂದ ತಂದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಮೀನಗಡದ ಕರದಂಟು. ಇವಿಷ್ಟೇ ಬುತ್ತಿ.

ಮೊದಲ ದಿನ. ಆಮ್‌ಸ್ಟರ್‌ಡ್ಯಾಮ್ ದೊಡ್ಡ ರೈಲು ನಿಲ್ದಾಣದ ಹಿಂದೆ ನೀರು. ಅದನ್ನು ದಾಟಿಸುವ ದೋಣಿಗೆ ದುಡ್ಡು ಇಲ್ಲ. ಸೈಕಲ್ ಸಮೇತ ಹತ್ತಿ ಆಚೆ ದಡಕ್ಕೆ ಇಳಿದರೆ, ಕಾಲು ಗಂಟೆಯಲ್ಲಿ ಊರು ಮುಗಿದು ಹೊಲ ಬಂತು. ಎಲ್ಲ ಸಪಾಟು, ದಿನ್ನಿ ಅನ್ನುವುದೇ ಇಲ್ಲ. ನನಗೆ ವಿಚಿತ್ರ ಅನಿಸಿದ್ದು ನೀರು ಇದ್ದ ಎತ್ತರ. ನಾನು ಹೋಗುವ ದಾರಿ ಕೆಳಗೆ, ಒಡ್ಡಿನ ಆಚೆಯ ನೀರು ಮೇಲೆ. ಹಾಯಿ ದೋಣಿ ನನ್ನ ತಲೆಯ ಮಟ್ಟಕ್ಕಿಂತ ಮೇಲೆ ಹೋಗುತ್ತಿತ್ತು. ಆ ದೇಶದ ಕಾಲುಭಾಗಕ್ಕೂ ಹೆಚ್ಚು ನೆಲ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಒಡ್ಡು ಹಾಕಿ, ನೀರು ಹೊರಗೆ ಎತ್ತಿ ಹಾಕಿ, ಆ ನೆಲದ ಮೇಲೆ ಬದುಕುತ್ತಾರೆ. ಹಿಂದೆ ಗಾಳಿಗಿರಣಿಯಿಂದ ಎತ್ತುತ್ತಿದ್ದರು, ಈಗ ಪಂಪಿನಿಂದ.

ದಾರಿ ತೋರಿಸಲು ಅಲ್ಲಿ ಊರ ಹೆಸರಿಗಿಂತ ಅಂಕಿಗಳನ್ನು ನಂಬುತ್ತಾರೆ. ದಾರಿಗಳು ಕೂಡುವ ಕಡೆಯೆಲ್ಲ ಒಂದು ಗೂಟ, ಅದರ ಮೇಲೆ ಒಂದು ಅಂಕಿ. ಬೆಳಿಗ್ಗೆ ಚೀಟಿಯಲ್ಲಿ ನಾಲ್ಕೈದು ಅಂಕಿ ಬರೆದುಕೊಂಡರೆ ಸಾಕು, ಒಂದರಿಂದ ಇನ್ನೊಂದಕ್ಕೆ ಬಾಣದ ಗುರುತು ಕರೆದೊಯ್ಯುತ್ತದೆ. ಇದನ್ನು ಯೋಚಿಸಿದವರು ಬೆಲ್ಜಿಯಂ ದೇಶದ ಹ್ಯೂಗೊ ಬೊಲೆನ್ ಎಂಬ ಗಣಿ ಎಂಜಿನಿಯರ್. ನೆಲದೊಳಗಿನ ಗಣಿಯಲ್ಲಿ ದಾರಿ ತಪ್ಪದ ಹಾಗೆ ಕೂಡುದಾರಿಗೆ ಅಂಕಿ ಹಾಕುತ್ತಿದ್ದ ಪದ್ಧತಿಯನ್ನು ಸೈಕಲ್ ದಾರಿಗೆ ತಂದರು. ನಾವು ಕಂಪ್ಯೂಟರಿನಲ್ಲಿ ದೊಡ್ಡ ದೊಡ್ಡ ಹೆಸರಿಟ್ಟು ಕಲಿಯುವುದೂ ಇದನ್ನೇ.

ಅಷ್ಟು ಸುಲಭವಿದ್ದರೂ ನಾನು ತಪ್ಪಿಸಿಕೊಂಡೆ. ಅರುವತ್ತೆಂಟನ್ನು ಎಂಬತ್ತಾರು ಅಂತ ಬರೆದುಕೊಂಡಿದ್ದೆ. ಒಂದು ಗಂಟೆ ತಿರುಗಿ ಮೊದಲು ನೋಡಿದ ಆಕಳ ಹಿಂಡಿನ ಮುಂದೆಯೇ ಮತ್ತೆ ಬಂದು ನಿಂತೆ. ಹೊಲದಲ್ಲಿದ್ದ ಹೆಣ್ಣುಮಗಳು ನಕ್ಕು, ಚೀಟಿ ತಿದ್ದಿಕೊಟ್ಟಳು. ಎಡಾಮ್ ಊರಿನ ಮೇಲೆ ಹಾದು ಹೋರ್ನ್ ಎಂಬ ಹಳೆಯ ಬಂದರು ಮುಟ್ಟುವಾಗ ರಾತ್ರಿ ಒಂಬತ್ತು ಹೊಡೆದಿತ್ತು. ಜೂನ್‌ನಲ್ಲಿ ಅಲ್ಲಿ ಹತ್ತರ ತನಕ ಬೆಳಕು, ಹಾಗಾಗಿ ಬಚಾವಾದೆ.

ಎರಡನೇ ದಿನ. ಎಂಕ್‌ಹೌಸನ್ ಎಂಬ ಊರಿನಿಂದ ಲೆಲಿಸ್ಟಾಡ್ ಎಂಬ ಊರಿಗೆ ನೀರಿನ ನಡುವೆ ಒಂದು ಒಡ್ಡು ಇದೆ. ಸುಮಾರು 27 ಕಿಲೋಮೀಟರ್. ಎಡಕ್ಕೂ ನೀರು, ಬಲಕ್ಕೂ ನೀರು. ಗಿಡವಿಲ್ಲ, ಮನೆಯಿಲ್ಲ, ತಿರುವಿಲ್ಲ. ಅವತ್ತು ಗಾಳಿ ಎದುರಿಗೆ. ನಮ್ಮಲ್ಲಿ ಏರು ಬಂದರೆ ತುದಿ ಕಾಣುತ್ತದೆ, ಮುಟ್ಟಿದ ಮೇಲೆ ಇಳಿಜಾರು ಸಿಗುತ್ತದೆ. ಗಾಳಿಗೆ ತುದಿ ಎಲ್ಲಿದೆ? ತಾಸಿಗೆ ಎಂಟು ಕಿಲೋಮೀಟರ್ ಹೋಗುವುದೂ ಕಷ್ಟವಾಯಿತು. ಅಪ್ಪ ಶ್ರಾವಣದ ಗಾಳಿಯಲ್ಲಿ ಸೀರೆ ಗಂಟು ಕಟ್ಟಿಕೊಂಡು ಇಳಕಲ್ಲಿನ ದಾರಿ ಹಿಡಿಯುತ್ತಿದ್ದದ್ದು ನೆನಪಾಯಿತು. ಅವನಿಗೆ ಗೇರ್ ಇರಲಿಲ್ಲ. ಗಂಟು ಒದ್ದೆಯಾದರೆ ವಾರದ ಕೂಲಿಗೇ ಸಂಚಕಾರ. ಒಂದು ದಿನವೂ ಅವನು "ಗಾಳಿ ಇತ್ತು" ಅಂತ ಮನೆಗೆ ಬಂದು ಹೇಳಿದ್ದು ನನಗೆ ನೆನಪಿಲ್ಲ. ಮೂವತ್ತು ದಾಟಿದ ಮೇಲೆ, ಪರದೇಶದ ಒಡ್ಡಿನ ಮೇಲೆ, ಅಪ್ಪನ ಕೆಲಸದ ಭಾರ ನನಗೆ ತಿಳಿಯಿತು.

ಒಡ್ಡಿನ ನಡುವೆ ದೋಣಿ ನಿಲ್ಲಲು ಒಂದು ಸಣ್ಣ ಬಂದರು ಇದೆ. ಅಲ್ಲಿ ನನ್ನ ಹಾಗೆಯೇ ದಣಿದ ಮುದುಕರೊಬ್ಬರು ಸೈಕಲ್ ಒರಗಿಸಿ ಕುಳಿತಿದ್ದರು. ಕರದಂಟು ಕೊಟ್ಟೆ. ಅಂಟು ಹಲ್ಲಿಗೆ ಹಿಡಿದು ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಆಮೇಲೆ ಆ ನೀರಿನ ಕಥೆ ಹೇಳಿದರು.

ಅಲ್ಲಿ ಹಿಂದೆ ಸಮುದ್ರವೇ ಒಳಗೆ ನುಗ್ಗಿತ್ತು. 1916ರಲ್ಲಿ ದೊಡ್ಡ ಪ್ರವಾಹ ಬಂತು. ಕಾರ್ನೆಲಿಸ್ ಲೆಲಿ ಎಂಬ ಎಂಜಿನಿಯರ್ ಬಹಳ ವರ್ಷದ ಹಿಂದೆಯೇ ಯೋಜನೆ ಹಾಕಿಟ್ಟಿದ್ದರು, ಮಂತ್ರಿಯೂ ಆಗಿದ್ದರು. ಸಮುದ್ರದ ಬಾಯಿಗೇ ಸುಮಾರು 32 ಕಿಲೋಮೀಟರ್ ಒಡ್ಡು ಹಾಕಿ 1932ರಲ್ಲಿ ಮುಚ್ಚಿದರು. ಉಪ್ಪು ನೀರು ನಿಧಾನವಾಗಿ ಸಿಹಿನೀರಿನ ಸರೋವರವಾಯಿತು. ಒಳಗೆ ಒಂದೊಂದೇ ಭಾಗಕ್ಕೆ ಸುತ್ತು ಒಡ್ಡು ಹಾಕಿ, ನೀರು ಖಾಲಿ ಮಾಡಿ ಹೊಲ ಮಾಡಿದರು. ನಾವು ಕುಳಿತಿದ್ದ ಒಡ್ಡು ಕೂಡ ಅಂಥ ಇನ್ನೊಂದು ಭಾಗಕ್ಕೆಂದು 1970ರ ದಶಕದಲ್ಲಿ ಕಟ್ಟಿ ಮುಗಿಸಿದ್ದು. ಆದರೆ ಆ ನೆಲ ಬೇಕೇ ಬೇಡವೇ ಅಂತ ವರ್ಷಗಟ್ಟಲೆ ಚರ್ಚೆಯಾಗಿ, ಕೊನೆಗೆ ಬೇಡ ಅಂತ ಕೈಬಿಟ್ಟರು. ಒಡ್ಡು ಉಳಿಯಿತು, ನೀರೂ ಉಳಿಯಿತು. ಎಂಜಿನಿಯರ್ ನಕಾಶೆಯಲ್ಲಿ ಗೆರೆ ಎಳೆದ ಮೇಲೂ "ಇದು ಬೇಡ" ಅಂತ ಜನ ಹೇಳಬಹುದು, ಹೇಳಿದ್ದು ನಡೆಯಬಹುದು ಅನ್ನುವುದು ನನಗೆ ಅಲ್ಲಿ ಕುಳಿತಾಗ ಹೊಸದಾಗಿ ಕಂಡಿತು.

ಲೆಲಿಸ್ಟಾಡ್ ಊರಿಗೆ ಆ ಎಂಜಿನಿಯರನದೇ ಹೆಸರು. 1957ರಲ್ಲಿ ನೀರಿನಿಂದ ಎದ್ದ ನೆಲದ ಮೇಲಿರುವ ಊರು, ಸಮುದ್ರ ಮಟ್ಟಕ್ಕಿಂತ ಸುಮಾರು ಮೂರು ಮೀಟರ್ ಕೆಳಗೆ. ಬೀದಿಗಳೆಲ್ಲ ಅಳತೆ ಹಿಡಿದು ಹಾಕಿದವು. ನನಗೆ ಬಾಗಲಕೋಟೆಯ ನವನಗರದ ಸೆಕ್ಟರುಗಳ ನೆನಪಾಯಿತು. ಒಂದು ಊರು ನೀರು ತೆಗೆದು ಕಟ್ಟಿದ್ದು, ಇನ್ನೊಂದು ನೀರು ಬಂತೆಂದು ಕಟ್ಟಿದ್ದು. ರಾತ್ರಿ ನಿದ್ದೆ ಸರಿ ಬರಲಿಲ್ಲ.

ಯಾಕೆ ಬರಲಿಲ್ಲ ಅಂದರೆ, ನಮ್ಮ ಅವ್ವನ ತವರೂರು ಘಟಪ್ರಭೆಯ ದಂಡೆಯಲ್ಲಿತ್ತು. ಆಲಮಟ್ಟಿ ಜಲಾಶಯಕ್ಕೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದರು. ನೀರು ಬರುತ್ತದೆ, ಬರುತ್ತದೆ ಅಂತ ಜನ ಮೂವತ್ತು ವರ್ಷ ಕೇಳಿದರು. ಕೇಳೀ ಕೇಳೀ ನಂಬುವುದನ್ನು ಬಿಟ್ಟರು. ನಾನು ಐದೋ ಆರೋ ಇಯತ್ತೆಯಲ್ಲಿ ಇದ್ದಾಗ ನಿಜವಾಗಿ ಬಂತು. ಅಜ್ಜ ಮನೆಯ ತೊಲೆ, ಜಂತಿ, ಬಾಗಿಲಿನ ಚೌಕಟ್ಟು ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿದ. ಪುನರ್ವಸತಿ ಕೇಂದ್ರದ ಮನೆಗೆ ಆ ಚೌಕಟ್ಟು ದೊಡ್ಡದಾಯಿತು. ಗೋಡೆ ಒಡೆದು ಕೂರಿಸಿದ. ಎರಡು ವರ್ಷಕ್ಕೆ ತೀರಿಕೊಂಡ. ಅವ್ವನನ್ನು ಯಾರಾದರೂ "ತವರೂರು ಯಾವುದು" ಅಂತ ಕೇಳಿದರೆ ಇವತ್ತಿಗೂ ಹಳೆಯ ಊರಿನ ಹೆಸರನ್ನೇ ಹೇಳುತ್ತಾಳೆ, ಪುನರ್ವಸತಿ ಕೇಂದ್ರ ಅನ್ನುವುದಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಹನಮಪ್ಪನ ಗುಡಿಯ ಕಟ್ಟೆ ಕಾಣುತ್ತದಂತೆ. ಅವ್ವ ಒಮ್ಮೆಯೂ ನೋಡಲು ಹೋಗಿಲ್ಲ.

ಮೂರನೇ ದಿನ. ಲೆಲಿಸ್ಟಾಡಿನಿಂದ ಒಡ್ಡಿನ ಮೇಲೆ ಉತ್ತರಕ್ಕೆ ಹೋಗಿ, ದೊಡ್ಡ ಸೇತುವೆ ದಾಟಿ, ಮಧ್ಯಾಹ್ನ ಶೋಕ್‌ಲ್ಯಾಂಡ್ ಎಂಬ ಜಾಗಕ್ಕೆ ಬಂದೆ. ನಮ್ಮ ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ದೇಶದಿಂದ ಆ ಪಟ್ಟಿಗೆ ಮೊದಲು ಸೇರಿದ್ದು ಈ ಶೋಕ್‌ಲ್ಯಾಂಡ್, 1995ರಲ್ಲಿ. ದೊಡ್ಡ ಗುಡಿ ಗೋಪುರ ಇರಬಹುದು ಅಂದುಕೊಂಡಿದ್ದೆ. ಕಂಡದ್ದು ಆಲೂಗಡ್ಡೆ, ಉಳ್ಳಾಗಡ್ಡಿ ಹೊಲಗಳ ನಡುವೆ ಉದ್ದಕ್ಕೆ ಮಲಗಿದ ಒಂದು ದಿನ್ನಿ, ಒಂದು ಸಣ್ಣ ಚರ್ಚು. ಇನ್ನೊಂದು ತುದಿಯಲ್ಲಿ ದೋಣಿ ಕಟ್ಟುವ ಬಂದರಿನ ಕಟ್ಟೆ ಮತ್ತು ಕಂಬಗಳು. ಬಂದರಿನ ಮುಂದೆ ನೀರಿಲ್ಲ, ಹುಲ್ಲು.

ಅದು ಒಂದು ಕಾಲಕ್ಕೆ ಸಮುದ್ರದ ನಡುವಿನ ದ್ವೀಪ. ಮೀನು ಹಿಡಿಯುವ ಬಡವರು ಇದ್ದರು. ವರ್ಷ ವರ್ಷ ನೀರು ದಂಡೆ ಕಚ್ಚುತ್ತಾ ಬಂತು. ಅವರನ್ನು ಕಾಪಾಡುವ ಖರ್ಚು ಹೆಚ್ಚಾಯಿತೆಂದು 1859ರಲ್ಲಿ ದೊರೆಯ ಆಜ್ಞೆಯಾಯಿತು: ಎಲ್ಲರೂ ಊರು ಬಿಡಬೇಕು. ಆರುನೂರಕ್ಕೂ ಹೆಚ್ಚು ಜನ ಮನೆ ಕೆಡವಿ, ದೋಣಿಯಲ್ಲಿ ಸಾಮಾನು ಹೇರಿ, ಸುತ್ತಲಿನ ಊರುಗಳಿಗೆ ಚದುರಿದರು. ಎಂಬತ್ತಮೂರು ವರ್ಷದ ನಂತರ, 1942ರಲ್ಲಿ, ಸುತ್ತಲಿನ ಸಮುದ್ರವನ್ನೇ ಒಣಗಿಸಿದರು. ದ್ವೀಪ ಹೊಲದ ನಡುವಿನ ದಿಬ್ಬವಾಯಿತು. ಹೊಸ ಹೊಲ ಬೇರೆ ಬೇರೆ ಕಡೆಯಿಂದ ಅರ್ಜಿ ಹಾಕಿದ, ಆರಿಸಿ ತೆಗೆದ ರೈತರಿಗೆ ಸಿಕ್ಕಿತು. ಹೊಸ ಪೇಟೆಗೆ ಎಮೆಲೋರ್ಡ್ ಅಂತ ಹೆಸರಿಟ್ಟರು. ಅದು ದ್ವೀಪದಲ್ಲಿ ಖಾಲಿ ಮಾಡಿಸಿದ ಹಳ್ಳಿಯದೇ ಹೆಸರು. ಹೆಸರು ತಿರುಗಿ ಬಂತು, ಜನ ಬರಲಿಲ್ಲ.

ಆ ಒಣ ಬಂದರಿನ ಕಟ್ಟೆಯ ಮೇಲೆ ಕುಳಿತು ಅವ್ವನಿಗೆ ವಿಡಿಯೋ ಕರೆ ಮಾಡಿದೆ. "ನೋಡಬೇ, ಇಲ್ಲಿ ಮೊದಲ ನೀರಿತ್ತು. ಊರ ಬಿಡಿಸಿದ್ರು. ಈಗ ನೀರ ತಗದಾರ" ಅಂತ ಫೋನು ತಿರುಗಿಸಿ ಹುಲ್ಲು, ಹೊಲ, ಚರ್ಚು ಎಲ್ಲ ತೋರಿಸಿದೆ. ಅವ್ವ ಬಹಳ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ ಕೇಳಿದಳು: "ಅವರ ಊರಿಂದ ನೀರ ಇಳದ ಹೋಗೇತಿ. ನಮ್ಮೂರಿಂದ ಯಾವಾಗ ಇಳೀತೈತೆಪಾ?"

ಬಿ.ಇ. ಓದಿದವನು ನಾನು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಳಿಯುವುದಿಲ್ಲ ಅಂತ ಗೊತ್ತು. ಆ ನೀರಿನಿಂದ ಆಗುವ ಉಪಯೋಗವೂ ಗೊತ್ತು. ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್ ವಿದ್ಯುತ್ ಘಟಕ ಇದೆ, ಕೆಳಗೆ ಲಕ್ಷಗಟ್ಟಲೆ ಎಕರೆಗೆ ನೀರು ಹೋಗುತ್ತದೆ. ನಮ್ಮ ತಾಲೂಕಿನ ಒಣ ಹೊಲಗಳೂ ಕೃಷ್ಣೆಯ ನೀರಿನ ದಾರಿ ಕಾಯುವಂಥವೇ. ನಾನು ಆ ನೀರಿನ ವಿರೋಧಿ ಅಲ್ಲ. ಆದರೆ ಅವ್ವ ಕೇಳಿದ್ದು ಉಪಯೋಗದ ಲೆಕ್ಕವನ್ನಲ್ಲ. ಸುಮ್ಮನೆ ಕುಳಿತೆ. ಕೊನೆಗೆ ಅವಳೇ, "ಇರಲಿ ಬಿಡು. ಬಿಸಲಾಗ ಕುಂದ್ರಬ್ಯಾಡ. ರೊಟ್ಟಿ ತಿಂದಿಯೇನು?" ಅಂದಳು.

ಅಲ್ಲಿಯ ಸಣ್ಣ ಮ್ಯೂಸಿಯಮ್ಮಿನಲ್ಲಿ ಒಂದು ವಿಷಯ ತಿಳಿಯಿತು. ಆ ದ್ವೀಪ ಬಿಟ್ಟವರ ವಂಶದವರು ಒಂದು ಸಂಘ ಮಾಡಿಕೊಂಡಿದ್ದಾರೆ. ಯಾರ ಮನೆತನ ಯಾವುದು, ಎಲ್ಲಿಗೆ ಹೋದರು ಅನ್ನುವುದನ್ನು ಹುಡುಕಿ ಬರೆದಿಡುತ್ತಾರೆ. ನೂರಾ ಅರುವತ್ತು ವರ್ಷ ದಾಟಿದ ಮೇಲೂ, ಆ ಊರಿನಲ್ಲಿ ಒಂದು ದಿನ ಬಾಳದ ಮರಿಮಕ್ಕಳು "ನಾವು ಶೋಕ್‌ಲ್ಯಾಂಡಿನವರು" ಅನ್ನುತ್ತಾರೆ.

ಮುಂದೆ ಇನ್ನೂ ಆರು ದಿನ ಸೈಕಲ್ ಹೊಡೆದೆ. ಒಳ್ಳೆಯ ಊರುಗಳನ್ನೇ ನೋಡಿದೆ. ಆದರೆ ನನ್ನ ಪ್ರವಾಸ ಮೂರನೇ ದಿನಕ್ಕೇ ಮುಗಿದಿತ್ತು.

ಊರಿಗೆ ಬಂದ ಮೇಲೆ ಅವ್ವನ ಮುಂದೆ ಒಂದು ನೂರು ಪುಟದ ನೋಟ್‌ಬುಕ್ ಹಿಡಿದು ಕುಳಿತೆ. "ಅಗಸಿ ಬಾಗಲದಿಂದ ಶುರು ಮಾಡಬೇ. ಮೊದಲನೇ ಮನಿ ಯಾರದು?" ಅವ್ವ ಕಣ್ಣು ಮುಚ್ಚಿಕೊಂಡು ಒಂದೊಂದೇ ಮನೆ ಹೇಳುತ್ತಾ ಹೋದಳು. ಯಾರ ಮನೆಯ ಮುಂದೆ ಒಳಕಲ್ಲು ಇತ್ತು, ಯಾರ ಹಿತ್ತಲಿನಲ್ಲಿ ನುಗ್ಗಿಗಿಡ ಇತ್ತು, ಯಾವ ಬಾವಿಯ ನೀರಿಗೆ ಬೇಳೆ ಬೇಗ ಬೇಯುತ್ತಿತ್ತು. ಹೊಲಗಳ ಹೆಸರು ಬೇರೆ. ನಲವತ್ತೊಂದು ಮನೆ ಬರೆದೆವು. ನಲವತ್ತೆರಡನೇ ಮನೆಗೆ ಬಂದಾಗ ನಿಂತಳು. ಹನಮಪ್ಪನ ಗುಡಿಯ ಎಡಕ್ಕೆ ಒಂದು ಮನೆ ಇತ್ತು, ಬಾಗಿಲಿಗೆ ಹಸಿರು ಬಣ್ಣ ಇತ್ತು, ಆ ಮನೆಯ ಹುಡುಗಿಯ ಜೊತೆ ತಾನು ಕುಂಟಬಿಲ್ಲೆ ಆಡಿದ್ದೆ. ಮನೆತನದ ಹೆಸರು ಮಾತ್ರ ನೆನಪಿಗೆ ಬರಲಿಲ್ಲ. ಅವತ್ತು ಅವ್ವ ಅತ್ತಳು. ಊರು ಮುಳುಗಿದಾಗ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ.

ಅದಕ್ಕೇ ಇವತ್ತು ಶಾಲೆಯ ಮುಂದೆ ಒಂದು ಬೇಡಿಕೆ ಇಡುತ್ತೇನೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಊರುಗಳಿಂದ ಎದ್ದು ಬಂದವರ ಮಕ್ಕಳು, ಮೊಮ್ಮಕ್ಕಳು ಈ ಶಾಲೆಯಲ್ಲಿ ಓದಿದ್ದಾರೆ, ಓದುತ್ತಿದ್ದಾರೆ. ಒಂಬತ್ತನೇ ತರಗತಿಯ ಪ್ರತಿಯೊಂದು ಮಗು ವರ್ಷಕ್ಕೆ ಒಬ್ಬ ಹಿರಿಯರ ಮನೆಗೆ ಹೋಗಲಿ. ಸೈಕಲ್ ಮೇಲೆ ಹೋಗಲಿ. ಹಳೆಯ ಊರಿನ ಮನೆ, ಓಣಿ, ಬಾವಿ, ಹೊಲ, ಗುಡಿ, ಮಸೀದಿಗಳ ಹೆಸರು ಕೇಳಿ ಬರೆದು ತರಲಿ. ಎಲ್ಲ ಓಣಿಗೂ ಹೋಗಬೇಕು, ಊರ ಹೊರಗೆ ಇಟ್ಟಿದ್ದ ಕೇರಿಗೆ ಮೊದಲು ಹೋಗಬೇಕು. ನೋಟ್‌ಬುಕ್ಕಿನ ಖರ್ಚು ನಮ್ಮ ಬ್ಯಾಚಿನದು. ಬರೆದದ್ದನ್ನು ನಕಾಶೆಯ ಮೇಲೆ ಕೂರಿಸಿ ಕಂಪ್ಯೂಟರಿನಲ್ಲಿ ಇಡುವ ಕೆಲಸ ನನ್ನದು. ಅದು ಸುಲಭ, ಎರಡು ರವಿವಾರದ ಕೆಲಸ. ಹೆಸರುಗಳು ಮಾತ್ರ ಯಾವ ಕಂಪ್ಯೂಟರಿನಲ್ಲೂ ಇಲ್ಲ. ಅವು ಇಲ್ಲಿ ಕುಳಿತಿರುವ ಅಜ್ಜ ಅಜ್ಜಿಯರ ಹತ್ತಿರ ಇವೆ. ಅವರಿಗೂ ವಯಸ್ಸಾಗುತ್ತಿದೆ.

ಇಲ್ಲಿ ಆ ಊರಿನ ಹಿರಿಯರು ಯಾರಾದರೂ ಬಂದಿದ್ದರೆ, ಹನಮಪ್ಪನ ಗುಡಿಯ ಎಡಕ್ಕೆ ಹಸಿರು ಬಾಗಿಲಿನ ಮನೆ ಯಾರದಿತ್ತು ಅಂತ ದಯವಿಟ್ಟು ನನಗೆ ಹೇಳಿ. ಊಟದ ಸಾಲಿನ ಹತ್ತಿರ ಸಿಗುತ್ತೇನೆ. ಅವ್ವನೂ ಬಂದಿದ್ದಾಳೆ, ತಾಯಂದಿರ ಸಾಲಿನಲ್ಲಿ ಕುಳಿತಿದ್ದಾಳೆ.